ಒಂದೆಲಗವೋ ಬ್ರಾಹ್ಮಿಯೋ? ಗಿಡಮೂಲಿಕೆಯ ಹಿಂದಿನ ಪುರಾವೆ ಹುಡುಕುವ ಬಗೆ

ಫೆಬ್ರವರಿ ಬಂತೆಂದರೆ ನಮ್ಮ ತೋಟದ ಬಸಿಗಾಲುವೆಯ ಅಂಚಿನಲ್ಲಿ ಒಂದೆಲಗ ಉಳಿಯುವುದಿಲ್ಲ. ಹತ್ತನೆಯ ತರಗತಿ, ಪಿಯುಸಿ ಪರೀಕ್ಷೆಗೆ ಕೂರುವ ಮಕ್ಕಳಿರುವ ಮನೆಯವರು ಚೀಲ ಹಿಡಿದು ಬಂದು ಕಿತ್ತುಕೊಂಡು ಹೋಗುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಬಂದ ನೆರೆಮನೆಯ ತಾಯಿಯೊಬ್ಬರು ಸೊಪ್ಪಿನ ಬೇರಿನ ಮಣ್ಣು ತೊಳೆಯುತ್ತಲೇ ಕೇಳಿದರು: "ಅಣ್ಣಾ, ಇದನ್ನು ತಿಂದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಅನ್ನುವುದು ನಿಜವೇ? ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ?" ಎಲ್ಲೋ ಓದಿದ ನೆನಪಿನ ಮೇಲೆ "ಮಾಡಿದ್ದಾರೆ, ಒಳ್ಳೆಯ ಫಲಿತಾಂಶವೇ ಬಂದಿದೆ" ಎಂದುಬಿಟ್ಟೆ. ಆ ರಾತ್ರಿ ಹುಡುಕಲು ಕುಳಿತಾಗ ಗೊತ್ತಾಯಿತು, ನಾನು ನೆನಪಿಟ್ಟುಕೊಂಡಿದ್ದ ಅಧ್ಯಯನಗಳು ಅವರ ಕೈಯಲ್ಲಿದ್ದ ಸೊಪ್ಪಿನವು ಅಲ್ಲವೇ ಅಲ್ಲ. ಅವು ನಡೆದದ್ದು ಬೇರೊಂದು ಗಿಡದ ಮೇಲೆ.

ಆ ತಪ್ಪನ್ನು ತಿದ್ದಿಕೊಳ್ಳಲು ಹೋಗಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ವೈದ್ಯನಲ್ಲ, ಇದು ಚಿಕಿತ್ಸೆಯ ಸಲಹೆಯೂ ಅಲ್ಲ. ಈ ಮೂಲಿಕೆ ಈ ತೊಂದರೆಗೆ ಒಳ್ಳೆಯದು ಎಂಬ ಮಾತು ಕಿವಿಗೆ ಬಿದ್ದಾಗ ಅದರ ಬುಡ ಹುಡುಕುವುದು ಹೇಗೆ ಎಂಬುದಷ್ಟೇ ಇಲ್ಲಿರುವುದು. ಮೊಬೈಲ್ ಅಥವಾ ಕಂಪ್ಯೂಟರ್, ಒಂದು ನೋಟ್‌ಬುಕ್, ಎರಡು ಸಂಜೆಯ ಬಿಡುವು ಸಾಕು. ಮೂಲ ಲೇಖನಗಳು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ, ಓದಿ ಹೇಳುವ ಮಗಳೋ ಮೊಮ್ಮಗನೋ ಪಕ್ಕದಲ್ಲಿದ್ದರೆ ಕೆಲಸ ಹಗುರ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

"ಒಂದೆಲಗ ಒಳ್ಳೆಯದೇ?" ಎಂಬುದಕ್ಕೆ ಯಾವ ಅಧ್ಯಯನವೂ ಉತ್ತರ ಕೊಡುವುದಿಲ್ಲ. ಯಾರಿಗೆ, ಯಾವ ರೂಪದಲ್ಲಿ, ಎಷ್ಟು ದಿನ, ಯಾವುದಕ್ಕಾಗಿ ಎಂಬುದೆಲ್ಲ ಪ್ರಶ್ನೆಯಲ್ಲೇ ಇರಬೇಕು. ನಾನು ಆ ರಾತ್ರಿ ನೋಟ್‌ಬುಕ್ಕಿನ ತಲೆಯಲ್ಲಿ ಬರೆದದ್ದು ಹೀಗೆ: "ಹದಿನೈದು ವರ್ಷದ, ಆರೋಗ್ಯವಾಗಿರುವ ಹುಡುಗಿ ದಿನಕ್ಕೊಂದು ಹಿಡಿ ಹಸಿ ಒಂದೆಲಗವನ್ನು ಒಂದು ತಿಂಗಳು ತಂಬುಳಿ ಮಾಡಿಕೊಂಡು ಉಂಡರೆ, ಉಣ್ಣದವರಿಗಿಂತ ಓದಿದ್ದು ಹೆಚ್ಚು ನೆನಪಿರುತ್ತದೆಯೇ?"

"ರಕ್ತ ಶುದ್ಧಿ ಮಾಡುತ್ತದೆ", "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬ ಮಾತುಗಳನ್ನು ಹೀಗೆ ಇಳಿಸಲು ಹೋದರೆ ಅವು ಕೈಗೆ ಸಿಗುವುದಿಲ್ಲ. ಆಗ ಕೇಳಬೇಕಾದದ್ದು: ಯಾವುದು ಎಷ್ಟು ಬದಲಾದರೆ ಅದು ನಿಜವೆಂದು ಒಪ್ಪುತ್ತೇವೆ? ವರ್ಷಕ್ಕೆ ಬರುವ ನೆಗಡಿಯ ಸಂಖ್ಯೆಯೇ? ಜ್ವರ ಬಿಡಲು ಹಿಡಿಯುವ ದಿನಗಳೇ? ಅಳೆಯಬಹುದಾದ ಒಂದು ಸಂಗತಿ ಸಿಗುವವರೆಗೆ ಮುಂದೆ ಹೋಗಬೇಡಿ.

ಎರಡನೆಯ ಹೆಜ್ಜೆ: ಗಿಡದ ಹೆಸರನ್ನು ಖಚಿತ ಮಾಡಿಕೊಳ್ಳಿ

ನನ್ನ ಅನುಭವದಲ್ಲಿ ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ, ವಿಜ್ಞಾನ ಶುರುವಾಗುವ ಮೊದಲೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದೆಲಗಕ್ಕೇ ಬ್ರಾಹ್ಮಿ ಎನ್ನುತ್ತಾರೆ. ಅದರ ಸಸ್ಯಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ನೆಲದ ಮೇಲೆ ಬಳ್ಳಿ ಹರಿದು ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಉದ್ದ ತೊಟ್ಟಿನ ತುದಿಗೆ ಒಂದೇ ಎಲೆ, ದುಂಡಗೆ, ಅಂಚಿನಲ್ಲಿ ಕಚ್ಚು ಕಚ್ಚು. ಕೊತ್ತಂಬರಿಯ ಕುಟುಂಬದ ಗಿಡ ಇದು. ಇನ್ನೊಂದು ಇದೆ, ಕೆಲವರು ನೀರುಬ್ರಾಹ್ಮಿ ಎನ್ನುವ ಬಕೋಪಾ ಮೊನ್ನಿಯೆರಿ. ಜವುಗು ನೆಲದಲ್ಲಿ ಬೆಳೆಯುತ್ತದೆ. ಎಲೆ ಸಣ್ಣದು, ದಪ್ಪ, ಚಮಚದ ಆಕಾರ, ಕಾಂಡದ ಎರಡೂ ಬದಿಗೆ ಜೋಡಿ ಜೋಡಿಯಾಗಿ. ಹೂವು ಬಿಳಿಗೆ ತುಸು ನೀಲಿ ಬೆರೆತಂತೆ. ಬಾಯಿಗೆ ಹಾಕಿಕೊಂಡರೆ ಕಹಿ ನಾಲಿಗೆಯಿಂದ ಬೇಗ ಹೋಗುವುದಿಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲಿ (ಔಷಧಗಳ ಅಧಿಕೃತ ಕೈಪಿಡಿ) ಬ್ರಾಹ್ಮಿ ಎಂದರೆ ಈ ಎರಡನೆಯದು; ನಮ್ಮ ಒಂದೆಲಗಕ್ಕೆ ಅಲ್ಲಿರುವ ಹೆಸರು ಮಂಡೂಕಪರ್ಣಿ. ಎರಡರಲ್ಲಿರುವ ಮುಖ್ಯ ರಾಸಾಯನಿಕಗಳೂ ಬೇರೆ. ಒಂದೆಲಗದಲ್ಲಿ ಏಷ್ಯಾಟಿಕೊಸೈಡ್ ಮತ್ತು ಅದರ ಬಳಗ, ನೀರುಬ್ರಾಹ್ಮಿಯಲ್ಲಿ ಬಕೊಸೈಡುಗಳು. ನೆನಪಿನ ಶಕ್ತಿಯ ಬಗ್ಗೆ ಎಲ್ಲರೂ ಎತ್ತಿ ಹೇಳುವ ಪ್ರಯೋಗಗಳು ಬಹುಪಾಲು ನೀರುಬ್ರಾಹ್ಮಿಯವು.

ಮರುದಿನ ಪೇಟೆಗೆ ಹೋದಾಗ ಅಂಗಡಿಯೊಂದರಲ್ಲಿ ಬ್ರಾಹ್ಮಿಯ ಸೀಸೆ ಕೈಗೆತ್ತಿಕೊಂಡೆ. ಮುಂದಿನ ಲೇಬಲ್ಲಿನ ಚಿತ್ರದಲ್ಲಿ ಇದ್ದದ್ದು ದುಂಡನೆಯ ಒಂದೆಲಗದ ಎಲೆ. ಹಿಂದೆ, ಸಣ್ಣ ಅಕ್ಷರದ ಪದಾರ್ಥಗಳ ಪಟ್ಟಿಯಲ್ಲಿ ಇದ್ದದ್ದು ಬಕೋಪಾ. ಒಂದೇ ಸೀಸೆಯ ಮುಂದೊಂದು ಗಿಡ, ಹಿಂದೊಂದು ಗಿಡ. ಅಂದಿನಿಂದ ನಾನು ಚಿತ್ರವನ್ನು ನೋಡುವುದನ್ನೇ ಬಿಟ್ಟು ಹಿಂಬದಿಯಿಂದ ಓದಲು ಶುರು ಮಾಡುತ್ತೇನೆ.

ಹೆಸರಿನ ಗೊಂದಲ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 1990ರ ದಶಕದ ಬ್ರಸೆಲ್ಸ್ ನಗರದ ಕಥೆ ಸಾಕ್ಷಿ. ತೂಕ ಇಳಿಸುವ ಚಿಕಿತ್ಸೆಗೆಂದು ಅಲ್ಲಿನ ಕ್ಲಿನಿಕ್ ಒಂದು ಚೀನಾದ ಮೂಲಿಕೆಗಳನ್ನು ಕೊಡುತ್ತಿತ್ತು. ಚೀನೀ ಭಾಷೆಯಲ್ಲಿ ಫಾಂಗ್ ಜಿ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಗಿಡಗಳಿಗಿದೆ. ಸ್ಟೆಫಾನಿಯಾ ಗಿಡದ ಬದಲು ಅರಿಸ್ಟೊಲೋಕಿಯಾ ಗಿಡ ಬಂದು ಸೇರಿತು. ನೂರಕ್ಕೂ ಹೆಚ್ಚು ಮಂದಿಯ, ಬಹುಪಾಲು ಹೆಂಗಸರ, ಮೂತ್ರಪಿಂಡಗಳು ಹಾಳಾದವು. ಹಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಅರಿಸ್ಟೊಲೋಕಿಯಾ ನಮಗೆ ದೂರದ್ದಲ್ಲ. ಹಾವು ಬಾರದಿರಲೆಂದು ಮನೆಯ ಸುತ್ತ ನೆಡುವ ಈಶ್ವರಬಳ್ಳಿ ಅದೇ ಕುಲದ್ದು. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ.

ಹಾಗಾದರೆ ಮಾಡಬೇಕಾದದ್ದೇನು? ಗಿಡದ ಎಲೆ, ಹೂವು, ಕಾಂಡ, ಬೇರು ಕಾಣುವಂತೆ ನಾಲ್ಕಾರು ಫೋಟೊ ತೆಗೆದುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹ) ಕರ್ನಾಟಕದ ಸಸ್ಯಗಳ ವಿವರವನ್ನು ಚಿತ್ರಗಳೊಂದಿಗೆ ಇಂಟರ್‌ನೆಟ್ಟಿನಲ್ಲಿ ಇಟ್ಟಿದೆ. ಅದರ ಜೊತೆ ಹೋಲಿಸಿ. ಕನ್ನಡದ ಹೆಸರಿನಿಂದ ಸಸ್ಯಶಾಸ್ತ್ರೀಯ ಹೆಸರಿಗೆ ಹೋಗಲು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಔಷಧೀಯ ಸಸ್ಯಗಳ ದತ್ತಾಂಶ ಅನುಕೂಲ. ಒಂದು ಕನ್ನಡ ಹೆಸರಿಗೆ ಎರಡು ಮೂರು ಗಿಡ ತೋರಿಸಿದರೆ ಗಾಬರಿಯಾಗಬೇಡಿ, ಅದೇ ನಿಜವಾದ ಉತ್ತರ. ಶಂಖಪುಷ್ಪವನ್ನೇ ತೆಗೆದುಕೊಳ್ಳಿ: ನಮ್ಮ ಬೇಲಿಯ ನೀಲಿ ಹೂವಿನ ಬಳ್ಳಿ ಒಂದು, ಉತ್ತರ ಭಾರತದ ವೈದ್ಯರು ಶಂಖಪುಷ್ಪಿ ಎನ್ನುವುದು ಇನ್ನೊಂದು. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಹೂವಿರುವ ಕೊಂಬೆ ಒಯ್ದು ತೋರಿಸಿದರೆ ಅವರು ಸಂತೋಷದಿಂದ ಗುರುತಿಸಿಕೊಡುತ್ತಾರೆ. ನನಗೆ ಹಾಗೆ ಎರಡು ಸಲ ಸಹಾಯ ಸಿಕ್ಕಿದೆ.

ಕೊನೆಗೆ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾಲತಾಣದಲ್ಲಿ ಆ ಗಿಡದ ಹಳೆಯ ಹೆಸರುಗಳನ್ನೂ ನೋಡಿ ಬರೆದುಕೊಳ್ಳಿ. ಒಂದೆಲಗ ಹಿಂದೆ ಹೈಡ್ರೊಕೊಟೈಲ್ ಏಷ್ಯಾಟಿಕಾ ಆಗಿತ್ತು. ಬಕೋಪಾ ಮೊನ್ನಿಯೆರಿ ಎಂಬುದನ್ನು ಮೊನ್ನಿಯೆರಾ ಎಂದು ಬರೆದ ಲೇಖನಗಳು ಸಾಕಷ್ಟಿವೆ. ಹಳೆಯ ಹೆಸರು ಹಾಕದಿದ್ದರೆ ಹಳೆಯ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಹೆಜ್ಜೆ: ಯಾವ ಭಾಗ, ಹೇಗೆ ತಯಾರಿಸಿದ್ದು?

ಹೆಸರು ಸರಿಯಿದ್ದರೂ ವಸ್ತು ಬೇರೆಯಾಗಿರಬಹುದು. ಅಶ್ವಗಂಧದ ಹೆಸರಾಂತ ಪ್ರಯೋಗಗಳು ಹೆಚ್ಚಾಗಿ ಬೇರಿನ ಸಾರದವು, ಎಲೆಯ ರಾಸಾಯನಿಕ ಹದ ಬೇರೆ. ಎಲೆ ಬಳಸಬಾರದೆಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಸೂಚನೆ ಕೊಟ್ಟಿತ್ತು.

ತಯಾರಿಸುವ ಕ್ರಮದಲ್ಲೇ ಗುಟ್ಟಿದ್ದ ಒಂದು ದೊಡ್ಡ ಪ್ರಸಂಗವಿದೆ. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಚಿಂಗ್‌ಹಾವೊ ಎಂಬ ಮೂಲಿಕೆಯ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ಬರೆದ ಗ್ರಂಥವನ್ನು ಮತ್ತೆ ಓದಿದಾಗ, ಅಲ್ಲಿ ಕುದಿಸುವ ಮಾತೇ ಇರಲಿಲ್ಲ. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿತ್ತು. ಬಿಸಿಗೆ ಗುಣ ಕೆಡುತ್ತಿರಬಹುದೆಂದು ಊಹಿಸಿ ಕಡಿಮೆ ಉಷ್ಣತೆಯಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಪೂರ್ತಿಯಾಗಿ ತಡೆಯಿತು. ಅದರಿಂದ ಬಂದ ಆರ್ಟೆಮಿಸಿನಿನ್ ಅವರಿಗೆ 2015ರ ನೊಬೆಲ್ ತಂದಿತು. "ಗ್ರಂಥದಲ್ಲಿದೆ" ಎಂಬುದನ್ನು ನಾನು ಹಗುರವಾಗಿ ಕಾಣದಿರುವುದು ಇದಕ್ಕೇ. ಗ್ರಂಥ ಎಲ್ಲಿ ಅಗೆಯಬೇಕೆಂದು ತೋರಿಸುತ್ತದೆ. ನೀರು ಬಂತೇ ಇಲ್ಲವೇ ಎಂಬುದನ್ನು ಅಗೆದೇ ನೋಡಬೇಕು.

ಈಗ ನಮ್ಮ ನೀರುಬ್ರಾಹ್ಮಿಯ ಲೆಕ್ಕ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ 300 ಮಿಲಿಗ್ರಾಂ ಸಾರ. ಲೇಬಲ್ಲಿನ ಮೇಲೆ ಸಾರದ ಪ್ರಮಾಣ 20:1 ಎಂದಿದ್ದರೆ, 20 ಗ್ರಾಂ ಒಣ ಗಿಡದಿಂದ 1 ಗ್ರಾಂ ಸಾರ ಎಂದರ್ಥ. ಆಗ 300 ಮಿಲಿಗ್ರಾಂ ಸಾರಕ್ಕೆ 6 ಗ್ರಾಂ ಒಣ ಗಿಡ ಬೇಕು. ಹಸಿ ಗಿಡದ ಹತ್ತರಲ್ಲಿ ಒಂಬತ್ತು ಪಾಲು ನೀರು ಎಂದಿಟ್ಟುಕೊಂಡರೆ 60 ಗ್ರಾಂ ಹಸಿ ಗಿಡವಾಯಿತು. ಅಷ್ಟು ಕಹಿಯನ್ನು ದಿನವೂ ತಿನ್ನುವವರು ಅಪರೂಪ. ಇಂಥ ಗುಣಾಕಾರವನ್ನು ಪ್ರತಿ ಮೂಲಿಕೆಗೂ ಮಾಡಿ ನೋಡಿ. ನಾಲ್ಕು ಎಲೆ ಜಗಿಯುವವರಿಗೆ ಕ್ಯಾಪ್ಸೂಲಿನ ಅಧ್ಯಯನ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ನಾಲ್ಕನೆಯ ಹೆಜ್ಜೆ: ಎಲ್ಲಿ ಹುಡುಕಬೇಕು?

ಗೂಗಲ್ಲಿನಲ್ಲಿ ನೇರವಾಗಿ ಹುಡುಕಿದರೆ ಮೊದಲು ಸಿಗುವುದು ಮಾರುವವರ ಪುಟಗಳು. ಅದರ ಬದಲು ಪಬ್‌ಮೆಡ್ ತೆರೆಯಿರಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ, ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಈ ತಾಣ ಪೂರ್ತಿ ಉಚಿತ. ಸಸ್ಯಶಾಸ್ತ್ರೀಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆದು, ಮುಂದೆ ನಿಮ್ಮ ವಿಷಯದ ಪದ ಸೇರಿಸಿ. ನನ್ನ ಪ್ರಶ್ನೆಗೆ ಅದು ಮೆಮೊರಿ. ಬಂದ ಪಟ್ಟಿಯ ಬದಿಯಲ್ಲಿ ಸೋಸುವ ಆಯ್ಕೆಗಳಿವೆ. ಅಲ್ಲಿ ಮೊದಲು ಸಿಸ್ಟಮ್ಯಾಟಿಕ್ ರಿವ್ಯೂ, ಆಮೇಲೆ ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್ ಗುರುತು ಹಾಕಿ (ಇವು ಏನೆಂದು ಮುಂದಿನ ಹೆಜ್ಜೆಯಲ್ಲಿದೆ). ಪೂರ್ತಿ ಲೇಖನ ಉಚಿತವಾಗಿ ಸಿಗುವಂಥವು ಮಾತ್ರ ಬೇಕಿದ್ದರೆ ಅದಕ್ಕೂ ಒಂದು ಗುರುತು ಇದೆ.

ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಮರ್ಶೆಗಳಿರುವ ಕಾಕ್ರೇನ್ ಲೈಬ್ರರಿಯಲ್ಲೂ ಅದೇ ಹೆಸರು ಹಾಕಿ ನೋಡಿ. ಆಯುರ್ವೇದದ ಪತ್ರಿಕೆಗಳಲ್ಲಿ ಬಂದು ಪಬ್‌ಮೆಡ್‌ಗೆ ಸೇರದ ಕೆಲಸಗಳಿಗೆ ಆಯುಷ್ ರಿಸರ್ಚ್ ಪೋರ್ಟಲ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಆಯ್ದ ಔಷಧೀಯ ಸಸ್ಯಗಳ ಬಗ್ಗೆ ನಾಲ್ಕು ಸಂಪುಟ ತಂದಿದೆ. ಹಳೆಯದಾದರೂ ಗುರುತಿಸುವಿಕೆ ಮತ್ತು ಎಚ್ಚರಿಕೆಗಳ ಭಾಗ ಇಂದಿಗೂ ಉಪಯುಕ್ತ.

ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ: ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಜಾಲತಾಣ ಸಿಟಿಆರ್‌ಐ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ಪ್ರಯೋಗ ಮಾಡುವವರು ಅಲ್ಲಿ ನೋಂದಾಯಿಸಲೇಬೇಕಾಯಿತು. ಪ್ರಯೋಗ ಶುರುವಾಗುವ ಮೊದಲು ಏನನ್ನು ಅಳೆಯುತ್ತೇವೆಂದು ಹೇಳಿದ್ದರು ಎಂಬುದು ಅಲ್ಲಿ ದಾಖಲಾಗಿರುತ್ತದೆ. ನೋಂದಾಯಿಸಿ ವರ್ಷಗಳಾದರೂ ಎಲ್ಲೂ ಪ್ರಕಟವಾಗದ ಪ್ರಯೋಗ ಕಂಡರೆ ಅದನ್ನೂ ಬರೆದುಕೊಳ್ಳಿ. ಗೆದ್ದ ಪ್ರಯೋಗಗಳಷ್ಟೇ ಅಚ್ಚಾಗಿ ಸೋತವು ಕಡತದಲ್ಲಿ ಉಳಿದರೆ, ಓದುವವರಿಗೆ ಸಿಗುವ ಚಿತ್ರವೇ ಓರೆ.

ಐದನೆಯ ಹೆಜ್ಜೆ: ಪುರಾವೆಯ ಮೆಟ್ಟಿಲು ಗುರುತಿಸಿ

ಪ್ರತಿ ಲೇಖನಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ: ಇದು ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ?

ಗಾಜಿನ ತಟ್ಟೆಗೆ ಅರಿಶಿನ ಒಳ್ಳೆಯ ಪಾಠ. ಅದರಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತುವನ್ನು ಜೀವಕೋಶಗಳ ಮೇಲೆ ಸುರಿದಾಗ ಅದು ಕ್ಯಾನ್ಸರಿನಿಂದ ಹಿಡಿದು ಎಲ್ಲಕ್ಕೂ ಒಳ್ಳೆಯ ಫಲಿತಾಂಶ ಕೊಡುತ್ತದೆ. ಆದರೆ ಬಾಯಿಯಿಂದ ತೆಗೆದುಕೊಂಡಾಗ ರಕ್ತಕ್ಕೆ ಸೇರುವುದು ತೀರ ಕಡಿಮೆ, ಮೇಲಾಗಿ ಪರೀಕ್ಷೆಯ ರಾಸಾಯನಿಕಗಳ ಜೊತೆ ತಾನೇ ವರ್ತಿಸಿ ಹುಸಿ ಫಲಿತಾಂಶ ತೋರಿಸುವ ಗುಣವೂ ಅದಕ್ಕಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಲಭ್ಯತೆ ಶೇಕಡಾ 2000ರಷ್ಟು ಹೆಚ್ಚಿತು. ಇಂದು ಎಷ್ಟೋ ಕರ್ಕ್ಯುಮಿನ್ ಡಬ್ಬಿಗಳು ಹೇಳಿಕೊಳ್ಳುವ ಅಂಕಿ ಇದೇ. ಆ ಪ್ರಯೋಗ ಅಳೆದದ್ದು ರಕ್ತದಲ್ಲಿ ಎಷ್ಟು ಸಿಕ್ಕಿತು ಎಂಬುದನ್ನು, ಯಾವ ಕಾಯಿಲೆ ವಾಸಿಯಾಯಿತು ಎಂಬುದನ್ನಲ್ಲ.

ಇಲಿಯ ಅಧ್ಯಯನ ಸಿಕ್ಕರೆ ಪ್ರಮಾಣವನ್ನು ಮನುಷ್ಯರಿಗೆ ತಿರುಗಿಸಿ ನೋಡಿ. ದೊಡ್ಡ ಜಾತಿಯ ಪ್ರಯೋಗಾಲಯದ ಇಲಿಗೆ ಪ್ರತಿ ಕಿಲೊ ತೂಕಕ್ಕೆ 200 ಮಿಲಿಗ್ರಾಂ ಎಂದಿದ್ದರೆ, ವಾಡಿಕೆಯ ಲೆಕ್ಕದಲ್ಲಿ 6.2ರಿಂದ ಭಾಗಿಸಬೇಕು. ಸುಮಾರು 32 ಮಿಲಿಗ್ರಾಂ ಬರುತ್ತದೆ. 60 ಕಿಲೊ ತೂಕದವರಿಗೆ ಅದು ಹತ್ತಿರ ಹತ್ತಿರ 2 ಗ್ರಾಂ ಸಾರ. ಡಬ್ಬಿಯಲ್ಲಿರುವ ಮಾತ್ರೆ 250 ಮಿಲಿಗ್ರಾಮಿನದಾದರೆ ದಿನಕ್ಕೆ ಎಂಟು ನುಂಗಬೇಕಾದೀತು.

ಮೇಲಿನ ಮೆಟ್ಟಿಲಲ್ಲಿರುವುದು, ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಮೂಲಿಕೆ, ಇನ್ನೊಂದಕ್ಕೆ ಪ್ಲಸೀಬೊ ಕೊಟ್ಟ ಪ್ರಯೋಗಗಳು. ಪ್ಲಸೀಬೊ ಎಂದರೆ ನೋಡಲು ಅದೇ ಮಾತ್ರೆ, ಒಳಗೆ ಮದ್ದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಯಾವುದು ಯಾವುದೆಂದು ಗೊತ್ತಿರಬಾರದು. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಸಿಸ್ಟಮ್ಯಾಟಿಕ್ ರಿವ್ಯೂ ಅದಕ್ಕೂ ಮೇಲೆ.

ಆರನೆಯ ಹೆಜ್ಜೆ: ಒಂದು ಪ್ರಯೋಗವನ್ನಾದರೂ ಪೂರ್ತಿ ಓದಿ

ಸಾರಾಂಶದ ಕೊನೆಯ ಸಾಲು ಓದಿ ಮುಗಿಸಬೇಡಿ. ನೀರುಬ್ರಾಹ್ಮಿಯ ಬಗ್ಗೆ ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪೆನ್ಸಿಲ್ ಹಿಡಿದು ಓದಿದೆ. 40ರಿಂದ 65 ವರ್ಷದ 76 ಮಂದಿ, ಮೂರು ತಿಂಗಳು. ಹೊಸದಾಗಿ ಕಲಿತದ್ದನ್ನು ಉಳಿಸಿಕೊಳ್ಳುವ ಒಂದು ಪರೀಕ್ಷೆಯಲ್ಲಿ ಮೂಲಿಕೆಯ ಗುಂಪು ಮುಂದಿತ್ತು. ಕಲಿಯುವ ವೇಗದಲ್ಲಿ ವ್ಯತ್ಯಾಸವಿರಲಿಲ್ಲ. ಗಮನ ಮತ್ತು ಅಲ್ಪಕಾಲದ ನೆನಪಿನ ಪರೀಕ್ಷೆಗಳಲ್ಲೂ ಇರಲಿಲ್ಲ. ಅಂದರೆ, ಕಲಿತದ್ದು ಮರೆಯುವುದು ನಿಧಾನವಾಯಿತೆಂದು ಹೇಳಬಹುದು. ಬುದ್ಧಿ ಚುರುಕಾಯಿತೆಂದು ಹೇಳಲು ಬರುವುದಿಲ್ಲ. ಜಾಹೀರಾತಿಗೆ ಬಂದಾಗ ಇವೆರಡೂ ಒಂದೇ ಆಗಿಬಿಡುತ್ತವೆ.

ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರೆ ಹುಡುಕುವ ತಂದೆತಾಯಂದಿರು ನೋಡಬೇಕಾದದ್ದು 2001ರ ಇನ್ನೊಂದು ಪ್ರಯೋಗ. 38 ಮಂದಿ ಆರೋಗ್ಯವಂತರಲ್ಲಿ ಒಂದು ಸಲ 300 ಮಿಲಿಗ್ರಾಂ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದರು. ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ 46 ಮಂದಿಯ ಪ್ರಯೋಗದಲ್ಲಿ ಪರಿಣಾಮ ಎದ್ದು ಕಂಡದ್ದು 12ನೆಯ ವಾರದಲ್ಲಿ.

ಮಕ್ಕಳ ವಿಷಯಕ್ಕೆ ಬಂದರೆ ಕಥೆ ಇನ್ನೂ ಸಣ್ಣದು. ಗಮನ ನಿಲ್ಲದ, ಚಟುವಟಿಕೆ ವಿಪರೀತವಿರುವ 6ರಿಂದ 14 ವರ್ಷದ ಹುಡುಗರ ಮೇಲೆ ಆಸ್ಟ್ರೇಲಿಯಾದಲ್ಲಿ 14 ವಾರ ನಡೆಸಿದ ಪ್ರಯೋಗ 2022ರಲ್ಲಿ ಬಂತು. ಮುಖ್ಯವಾಗಿ ಅಳೆಯಬೇಕೆಂದುಕೊಂಡಿದ್ದ ವರ್ತನೆಯಲ್ಲಿ ಸುಧಾರಣೆ ಕಾಣಲಿಲ್ಲ. ಪಕ್ಕದ ಕೆಲವು ಅಳತೆಗಳಲ್ಲಿ ಮಾತ್ರ ಕಂಡಿತು. ಹತ್ತಾರು ಸಂಗತಿ ಅಳೆದರೆ ಒಂದೆರಡು ಆಕಸ್ಮಿಕವಾಗಿಯೂ ಗೆಲ್ಲುತ್ತವೆ. ಆದ್ದರಿಂದ ಮುಖ್ಯ ಅಳತೆ ಯಾವುದೆಂದು ಮೊದಲು ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ಎಷ್ಟು ಜನ ಶುರು ಮಾಡಿ ಎಷ್ಟು ಜನ ಮುಗಿಸಿದರು, ಹಣ ಯಾರು ಕೊಟ್ಟರು ಎಂಬುದನ್ನೂ ನೋಡಿ. ಕಂಪನಿ ಹಣ ಕೊಟ್ಟ ಮಾತ್ರಕ್ಕೆ ಪ್ರಯೋಗ ಸುಳ್ಳಾಗುವುದಿಲ್ಲ, ಆದರೆ ಸಂಬಂಧವಿಲ್ಲದ ಇನ್ನೊಬ್ಬರು ಮಾಡಿ ನೋಡುವವರೆಗೆ ನಾನು ಕಾಯುತ್ತೇನೆ.

ಏಳನೆಯ ಹೆಜ್ಜೆ: ವ್ಯತ್ಯಾಸ ಎಷ್ಟು ಎಂದು ಕೇಳಿ

"ಗಮನಾರ್ಹ ಪರಿಣಾಮ" ಎಂಬ ಪದ ಸಂಖ್ಯಾಶಾಸ್ತ್ರದ್ದು; ದೊಡ್ಡದು ಎಂದರ್ಥವಲ್ಲ. ನೀರುಬ್ರಾಹ್ಮಿಯ 9 ಪ್ರಯೋಗಗಳ 518 ಮಂದಿಯ ಮಾಹಿತಿ ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಆಯ್ದು ಗುಂಡಿ ಒತ್ತುವ ಪರೀಕ್ಷೆಯ ಸಮಯ ಕಡಿಮೆಯಾದದ್ದು 10.6 ಮಿಲಿಸೆಕೆಂಡ್. ಒಮ್ಮೆ ಕಣ್ಣು ಮಿಟುಕಿಸಲು ಹಿಡಿಯುವ ಹೊತ್ತು ಅದರ ಹತ್ತು ಪಟ್ಟಿಗೂ ಹೆಚ್ಚು. ಒಂದೆಲಗದ ಮೇಲಿನ ಪ್ರಯೋಗಗಳನ್ನು ಹೀಗೆಯೇ ಕೂಡಿಸಿ ನೋಡಿದ 2017ರ ವಿಶ್ಲೇಷಣೆಗೆ ಗ್ರಹಿಕೆ, ನೆನಪುಗಳಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಮನಸ್ಸಿನ ಎಚ್ಚರದಂಥ ಅಂಶಗಳಲ್ಲಿ ಸ್ವಲ್ಪ ಕಂಡಿತು.

ಎಂಟನೆಯ ಹೆಜ್ಜೆ: ಮತ್ತೊಬ್ಬರು ಮಾಡಿದಾಗಲೂ ಅದೇ ಬಂತೇ?

ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವವರು ನಮ್ಮ ಪ್ರತಿ ಸೀಮೆಯಲ್ಲೂ ಇದ್ದಾರೆ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದ್ರಾಸಿನ ಸಂಶೋಧಕರ ವರದಿ ಬಂತು. ಹೆಪಟೈಟಿಸ್ ಬಿ ವೈರಸ್ಸನ್ನು ದೀರ್ಘಕಾಲ ಹೊತ್ತಿದ್ದವರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಪ್ಲಸೀಬೊ ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಜಗತ್ತು ತಿರುಗಿ ನೋಡುವಂಥ ಅಂಕಿ ಅದು. ಥೈಲ್ಯಾಂಡ್ ಸೇರಿದಂತೆ ಬೇರೆ ಕಡೆ ಮಾಡಿದಾಗ ಆ ಫಲಿತಾಂಶ ಮರುಕಳಿಸಲಿಲ್ಲ. 2011ರ ಕಾಕ್ರೇನ್ ವಿಮರ್ಶೆ ಪ್ಲಸೀಬೊಗಿಂತ ಮೇಲು ಎನ್ನಲು ನಂಬಲರ್ಹ ಆಧಾರವಿಲ್ಲ ಎಂದಿತು. ಇಂದಿಗೂ ಹರಿದಾಡುವುದು ಮೊದಲ ವರದಿ ಮಾತ್ರ.

ಹೆಪಟೈಟಿಸ್ ಎ ವೈರಸ್ಸಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಮದ್ದು ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಪ್ರಾಮಾಣಿಕರೇ, ಆದರೆ ಹೋಲಿಸಿ ನೋಡಲು ಎದುರು ಗುಂಪೇ ಇಲ್ಲ.

ಹಾಗೆಂದು ಮೂಲಿಕೆಗಳು ಪರೀಕ್ಷೆಯಲ್ಲಿ ಸೋಲುತ್ತಲೇ ಇರುತ್ತವೆ ಎಂದುಕೊಳ್ಳಬೇಡಿ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧ ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು; 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟು ಜಗತ್ತಿನೆಲ್ಲೆಡೆ ಮಾತ್ರೆಯಾಯಿತು. ಕೆಮ್ಮಿನ ಔಷಧಿಯ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದು ನಮ್ಮ ಆಡುಸೋಗೆಯ ವ್ಯಾಸಿಸಿನ್ ಮಾದರಿಯಿಂದ.

ಒಂಬತ್ತನೆಯ ಹೆಜ್ಜೆ: ಅಪಾಯವನ್ನು ಬೇರೆಯಾಗಿ ಹುಡುಕಿ

ಲಾಭ ಹುಡುಕುವ ಪ್ರಯೋಗದಲ್ಲಿ ಐವತ್ತು ಜನರಿದ್ದರೆ, ಸಾವಿರಕ್ಕೊಬ್ಬರಿಗೆ ಬರುವ ಹಾನಿ ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಇದಕ್ಕೆ ಬೇರೆ ಹುಡುಕಾಟ ಬೇಕು. ಗಿಡದ ಹೆಸರಿನ ಮುಂದೆ ಲಿವರ್ ಇಂಜುರಿ, ಕಿಡ್ನಿ, ಇಂಟರಾಕ್ಷನ್ ಎಂಬ ಪದಗಳನ್ನು ಹಾಕಿ ಪಬ್‌ಮೆಡ್‌ನಲ್ಲಿ ನೋಡಿ. ಯಕೃತ್ತಿಗಾಗುವ ಹಾನಿಗೆ ಲಿವರ್‌ಟಾಕ್ಸ್ ಎಂಬ ಉಚಿತ ದತ್ತಾಂಶವಿದೆ.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಹಾನಿ ವರದಿ ಮಾಡಿದರು. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಟೈನೊಸ್ಪೊರಾ ಕ್ರಿಸ್ಪಾ ಎಂಬ ಹೋಲುವ ಬಳ್ಳಿಯಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಎರಡಕ್ಕೂ ಹೃದಯದಾಕಾರದ ಎಲೆ; ಕ್ರಿಸ್ಪಾದ ಕಾಂಡದ ಮೇಲೆ ಮಾತ್ರ ನರಹುಲಿಯಂಥ ಉಬ್ಬುಗಳು ಎದ್ದು ಕಾಣುತ್ತವೆ. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ಮಂದಿಯ ವರದಿ ಬಂತು. ಹಲವರಲ್ಲಿ ದೇಹ ತನ್ನ ಯಕೃತ್ತಿನ ಮೇಲೆಯೇ ತಿರುಗಿಬೀಳುವ ಲಕ್ಷಣಗಳಿದ್ದವು. ಕೋಟ್ಯಂತರ ಜನ ಕುಡಿದದ್ದರಲ್ಲಿ ಇದು ಸಣ್ಣ ಸಂಖ್ಯೆ. ಆದರೂ ಕೆಲವು ಬಗೆಯ ಥೈರಾಯ್ಡ್ ಕಾಯಿಲೆಯಂಥ ಆಟೋಇಮ್ಯೂನ್ ತೊಂದರೆ (ದೇಹ ತನ್ನ ಮೇಲೆಯೇ ತಿರುಗಿಬೀಳುವ ಬಗೆ) ಇರುವವರು, ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಗಂಟಲಿಗೆಂದು ದಿನವೂ ಜ್ಯೇಷ್ಠಮಧು ಅಗಿಯುವವರಲ್ಲಿ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಬಹುದು. ಕರ್ಕ್ಯುಮಿನ್ ಹೀರಿಕೆಯನ್ನು ಹೆಚ್ಚಿಸುವ ಪೈಪರಿನ್, ನೀವು ನುಂಗುವ ಇತರ ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ನೀರುಬ್ರಾಹ್ಮಿಯ ಪ್ರಯೋಗಗಳಲ್ಲಿ ಹೊಟ್ಟೆನುಲಿತ, ವಾಕರಿಕೆ, ಪದೇ ಪದೇ ಮಲವಿಸರ್ಜನೆ ವರದಿಯಾಗಿವೆ. ಪರೀಕ್ಷೆಯ ವಾರದಲ್ಲಿ ಹೊಸದಾಗಿ ಶುರು ಮಾಡುವಂಥದ್ದಲ್ಲ. ಕಲಬೆರಕೆಯೂ ಲೆಕ್ಕಕ್ಕೆ ಬರಬೇಕು: 2004ರಲ್ಲಿ ಪ್ರಕಟವಾದ ವರದಿಯಂತೆ, ಅಮೆರಿಕದ ಬಾಸ್ಟನ್ ಸುತ್ತಮುತ್ತ ಕೊಂಡು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ವೈದ್ಯರ ಬಳಿ ಹೋಗುವಾಗ ಹೆಸರು ಹೇಳಿದರೆ ಸಾಲದು, ಡಬ್ಬಿಯನ್ನೇ ಒಯ್ಯಿರಿ. ಗ್ರಂಥಿಗೆ ಅಂಗಡಿಯಿಂದ ತಂದ ಬೇರಾದರೆ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ.

ಹತ್ತನೆಯ ಹೆಜ್ಜೆ: ಒಂದು ಪುಟದಲ್ಲಿ ಬರೆದಿಡಿ

ಒಂದು ಗಿಡಕ್ಕೆ ಒಂದೇ ಪುಟ, ಕೊನೆಯಲ್ಲಿ ತಾರೀಕು. ನನ್ನ ಪುಟ ಹೀಗಿದೆ:

"ಒಂದೆಲಗ, ಸೆಂಟೆಲ್ಲಾ ಏಷ್ಯಾಟಿಕಾ. ತೋಟದ್ದು, ಹಸಿ ಎಲೆ, ತಂಬುಳಿಯಾಗಿ. ಪ್ರಶ್ನೆ: ಹದಿನೈದರ ಹುಡುಗಿಯ ನೆನಪು. ಈ ಗಿಡದ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ನೆನಪಿಗೆ ಸ್ಪಷ್ಟ ಲಾಭ ಕಂಡಿಲ್ಲ. ನೆನಪಿನ ಒಳ್ಳೆಯ ಪ್ರಯೋಗಗಳು ನೀರುಬ್ರಾಹ್ಮಿಯ ಸಾರದವು: ವಯಸ್ಕರಲ್ಲಿ, 12 ವಾರ, ಸಣ್ಣ ಪರಿಣಾಮ. ಒಂದೇ ದಿನದ ಸೇವನೆಗೆ ಫಲವಿಲ್ಲ. ಮಕ್ಕಳ ಒಂದು ಪ್ರಯೋಗದಲ್ಲಿ ಮುಖ್ಯ ಅಳತೆ ಬದಲಾಗಿಲ್ಲ. ಸೊಪ್ಪಾಗಿ ತಿನ್ನಲು ಅಡ್ಡಿಯಿಲ್ಲ, ಕ್ಯಾಪ್ಸೂಲ್ ಬೇಡ. ಮುಂದಿನ ವರ್ಷ ಮತ್ತೆ ನೋಡುವುದು."

ನೋಟ್‌ಬುಕ್ ಹಿಡಿದು ನೆರೆಮನೆಗೆ ಹೋಗಿ, ಮೊನ್ನೆ ಹೇಳಿದ್ದು ತಪ್ಪು ಎಂದು ಹೇಳಿ ಆ ಪುಟ ತೋರಿಸಿದೆ. ಅವರು ಎರಡು ಸಲ ಓದಿದರು. "ಹಾಗಾದರೆ ತಂಬುಳಿ ಬಿಡಬೇಕೇ ಅಣ್ಣಾ?" ಎಂದು ಕೇಳಿದರು. ಬಿಡುವುದೇಕೆ, ಊಟಕ್ಕೆ ಒಳ್ಳೆಯ ಪದಾರ್ಥ ಎಂದೆ. ಒಳಗೆ ತುಪ್ಪದಲ್ಲಿ ಜೀರಿಗೆ, ಮೆಣಸು, ಸೊಪ್ಪು ಬಾಡುತ್ತಿದ್ದ ವಾಸನೆ ಬರುತ್ತಿತ್ತು. ಕಾಯಿ ತುರಿಯುತ್ತಿದ್ದ ಮಗಳು ಅಲ್ಲಿಂದಲೇ ಕೂಗಿ, ಬಕೋಪಾ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ಕೇಳಿದಳು. ನೋಟ್‌ಬುಕ್ಕನ್ನು ಅವಳ ಹತ್ತಿರ ಬಿಟ್ಟು ಬಂದೆ.